ಎತ್ತಲಿಲ್ಲ, ತೂಗುಹಾಕಿದೆ: ಮಗಳಿಗೊಂದು ಪತ್ರ

ಆಲ್ದೂರು
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಾ,

ಫೋನಿನಲ್ಲಿ ನೀನು ಬೈದಿದ್ದು ಪೂರ್ತಿ ಕೇಳಿಸಿತು. "ಕಾರಿನ ಅಷ್ಟು ದೊಡ್ಡ ಬಾನೆಟ್ ಒಬ್ಬಳೇ ಎತ್ತಿದ್ಯಾ? ಸೊಂಟ ಹಿಡ್ಕೊಂಡ್ರೆ ಯಾರು ನೋಡ್ತಾರೆ? ಅಪ್ಪ ಬರೋ ತನಕ ಕಾಯಕ್ಕಾಗ್ತಿರ್ಲಿಲ್ವಾ?" ಆಮೇಲೆ ನೆಟ್‌ವರ್ಕ್ ಹೋಯಿತು. ನಾನು ಹೇಳಬೇಕಾಗಿದ್ದು ಬಾಯಲ್ಲೇ ಉಳಿಯಿತು. ಅದಕ್ಕೇ ಬರೆಯುತ್ತಿದ್ದೇನೆ. ನಾನು ಎತ್ತಲೇ ಇಲ್ಲ ಪುಟ್ಟಾ. ತೂಗುಹಾಕಿದೆ.

ಕಾಯುವ ಹಾಗಿರಲಿಲ್ಲ. ನಿಮ್ಮಪ್ಪ ಹಾಸನಕ್ಕೆ ಮದುವೆಗೆ ಹೋಗಿದ್ದರು. ಮಧ್ಯಾಹ್ನ ಊಟ ಮುಗಿಸುವಷ್ಟರಲ್ಲಿ ಗುಡ್ಡದ ಕಡೆಯಿಂದ ಮೋಡ ಕಟ್ಟಿತು. ಕಣದಲ್ಲಿ ರೋಬಸ್ಟಾ ಕಾಫಿ ಹರಡಿತ್ತು. ಇದ್ದ ಆಳುಗಳೆಲ್ಲ ಅದನ್ನು ರಾಶಿ ಮಾಡಿ ಟಾರ್ಪಾಲು ಮುಚ್ಚುವುದರಲ್ಲಿದ್ದರು. ಅವರನ್ನು ಕಾರಿಗೆಂದು ಕರೆಯುವುದು ಹೇಗೆ? ಇತ್ತ ಶೆಡ್ಡಿನ ಹಂಚು ಮೂರು ಕಡೆ ಸೋರುತ್ತೆ. ಒಂದು ಸೋರು ಸರಿಯಾಗಿ ಕಾರಿನ ಇಂಜಿನ್ ಮೇಲೇ. ಡಿಸ್ಟ್ರಿಬ್ಯೂಟರ್ ಅಂದರೆ ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಬ್ಬಿ, ಅದರೊಳಗೆ ನೀರು ಹೋದರೆ ಒಣಗುವ ತನಕ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಬಾನೆಟ್ ಪೇಂಟ್ ಆಗಿ ಬಂದು ಹದಿನೈದು ದಿನ ಗೋಡೆಗೆ ಒರಗಿ ನಿಂತಿತ್ತು. ಇವತ್ತೇ ಹಾಕಿಬಿಡೋಣ ಅಂತ ಮನಸ್ಸು ಮಾಡಿದೆ.

ನಿನಗೆ ಆ ಕಾರಿನ ಮೇಲೆ ನನಗಿರುವಷ್ಟು ಪ್ರೀತಿ ಇದೆಯೋ ಇಲ್ಲವೋ ಗೊತ್ತಿಲ್ಲ. ನಿಮ್ಮ ಅಜ್ಜಯ್ಯ ಅದನ್ನು ತಂದಿದ್ದು 1972ರಲ್ಲಿ, ಮಾರ್ಕ್ 2 ಅಂಬಾಸಿಡರ್. ಆಗೆಲ್ಲ ಬೆಳೆದ ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೇ, ಅಂದರೆ ಎಲ್ಲರದೂ ಒಟ್ಟು ಸೇರಿಸಿ ಮಾರುವ ವ್ಯವಸ್ಥೆಗೇ ಕೊಡಬೇಕಿತ್ತು, ದುಡ್ಡು ಕಂತು ಕಂತಾಗಿ ಬರುತ್ತಿತ್ತು. ಆ ಕಂತುಗಳನ್ನು ಕೂಡಿಟ್ಟು ಬುಕ್ ಮಾಡಿ, ಸರದಿಗೆ ಕಾದು ತಂದ ಗಾಡಿ. ಬಂಗಾಳದ ಉತ್ತರಪಾರಾದ ಫ್ಯಾಕ್ಟರಿಯಲ್ಲಿ ತಯಾರಾದದ್ದು. ಅಲ್ಲಿ ಅಂಬಾಸಿಡರ್ ಮಾಡುವುದನ್ನು 2014ರಲ್ಲಿ ನಿಲ್ಲಿಸಿಬಿಟ್ಟರು. ಆ ಸುದ್ದಿ ಓದಿದ ದಿನ ಅಜ್ಜಯ್ಯ ಏನೂ ಮಾತಾಡಲಿಲ್ಲ. ಶೆಡ್ಡಿಗೆ ಹೋಗಿ ಗಾಜು ಒರೆಸಿ ಬಂದರು.

ತುಕ್ಕು ಹಿಡಿದಿದ್ದು ಬಾನೆಟ್ಟಿನ ಅಂಚಿನಲ್ಲಿ. ತಗಡನ್ನು ಒಳಕ್ಕೆ ಮಡಿಚಿರುತ್ತಾರಲ್ಲ, ಆ ಮಡಿಕೆಯೊಳಗೆ ನಮ್ಮ ಮಳೆಗಾಲದ ತೇವ ಕೂತರೆ ಹೊರಗೆ ಬರುವುದಿಲ್ಲ. ಮೇಲಿಂದ ನೋಡಿದರೆ ಬಣ್ಣ ಚೆನ್ನಾಗಿಯೇ ಇರುತ್ತೆ, ಒಳಗೆ ತಿಂದು ಹಾಕಿರುತ್ತೆ. ಚಿಕ್ಕಮಗಳೂರಿನಲ್ಲಿ ಟಿಂಕರಿಂಗ್ ಮಾಡುವವರು ಕೊಳೆತ ಭಾಗ ಕತ್ತರಿಸಿ ಹೊಸ ತಗಡು ಬೆಸೆದು ಕೊಟ್ಟರು. ಕೆಲಸ ಅಚ್ಚುಕಟ್ಟಾಗಿದೆ.

ಈಗ ಎತ್ತುವ ವಿಷಯ. ಬಾನೆಟ್ ಸಿಮೆಂಟ್ ಮೂಟೆಯಷ್ಟು ಭಾರ ಇಲ್ಲ. ತೊಂದರೆ ಕೊಡುವುದು ಅದರ ಅಗಲ. ಎರಡೂ ಮೂಲೆ ಒಟ್ಟಿಗೆ ಕೈಗೆ ಸಿಗುವುದಿಲ್ಲ. ಎಡಗಡೆ ಹಿಂಜಿಗೆ, ಅಂದರೆ ಬಾನೆಟ್ ತೆರೆದು ಮುಚ್ಚುವ ಕೀಲಿಗೆ, ಕೂರಿಸಲು ಹೋದರೆ ಬಲಗಡೆಯ ಮೂಲೆ ಗಾಜಿನ ಕೆಳಗಿನ ತಗಡನ್ನು ಗೀರುತ್ತೆ. ಅದಕ್ಕೇ ಎಲ್ಲರೂ ಇಬ್ಬರು ಬೇಕು ಅನ್ನುವುದು. ಆ ಎರಡನೆಯವರ ಕೆಲಸ ಏನು ಹೇಳು? ಸುಮ್ನೆ ಹಿಡಿದುಕೊಂಡು ನಿಲ್ಲುವುದು. ಅದನ್ನು ಹಗ್ಗವೂ ಮಾಡುತ್ತೆ, ಕೈ ಸೋಲದೆ.

ಮೊದಲು ಎರಡೂ ಮಡ್‌ಗಾರ್ಡ್ ಮೇಲೆ ಕಂಬಳಿ ಹೊದಿಸಿದೆ. ಬಂಪರಿಗೆ ಗೋಣಿಚೀಲ ಸುತ್ತಿದೆ. ಬಾನೆಟ್ಟನ್ನು ಮೂಲೆಯಿಂದ ಮೂಲೆಗೆ ನಡೆಸಿಕೊಂಡು ಬಂದು ಒಂದು ಅಂಚನ್ನು ಬಂಪರ್ ಮೇಲಿಟ್ಟೆ. ಅಲ್ಲಿಗೆ ಅರ್ಧ ಭಾರ ಕಾರೇ ಹೊತ್ತಿತು. ಇನ್ನೊಂದು ಅಂಚು ಹಿಡಿದು ನಿಧಾನ ತಳ್ಳಿದರೆ ಕಂಬಳಿಯ ಮೇಲೆ ಜಾರಿಕೊಂಡು ಹೋಗಿ ಕೂತಿತು.

ಆಮೇಲೆ ಮೇಲಿನ ತೊಲೆಗೆ ನಾಲ್ಕು ಹಗ್ಗ ಹಾಕಿದೆ. ಬಾನೆಟ್ಟಿನ ಒಳಗಡೆ ಬಲಕ್ಕೆಂದು ಅಡ್ಡಪಟ್ಟಿ ಇರುತ್ತೆ, ಹಗ್ಗ ಕಟ್ಟಿದ್ದು ಅದಕ್ಕೆ. ಅಂಚಿಗೆ ತಾಗುವ ಕಡೆಯಲ್ಲೆಲ್ಲ ಗೋಣಿ ತುಂಡು ಮಡಿಚಿ ಇಟ್ಟೆ. ಕಟ್ಟುವಾಗ ನಿನ್ನ ತೊಟ್ಟಿಲು ನೆನಪಾಯಿತು. ನಾಲ್ಕು ಹಗ್ಗವೂ ಸಮ ಇಲ್ಲದಿದ್ದರೆ ಮಗು ಒಂದು ಕಡೆ ಜಾರುತ್ತೆ ಅಂತ ನಿಮ್ಮ ಅಜ್ಜಿ ಗೇಣು ಹಾಕಿ ಅಳೆದು ಕಟ್ಟಿದ್ದರು. ಇಲ್ಲಿ ಮಾತ್ರ ಸಮ ಇರಬಾರದು. ಬಾನೆಟ್ ತೆರೆದು ನಿಂತ ಹಾಗೆ ಮುಂದಿನ ಭಾಗ ಮೇಲಿರಬೇಕು, ಹಿಂಜಿನ ಕಡೆ ಕೆಳಗಿರಬೇಕು. ಒಂದು ಸಲಕ್ಕೆ ಒಂದೇ ಮೂಲೆ, ಒಂದೇ ಗೇಣು ಎಳೆದು ಕಟ್ಟುತ್ತಾ ಸುತ್ತು ಬಂದೆ. ಆತುರಪಟ್ಟು ಒಂದೇ ಕಡೆ ಜಾಸ್ತಿ ಎಳೆದರೆ ಎಲ್ಲ ಒಂದು ಬದಿಗೆ ವಾಲುತ್ತೆ. ಹೀಗೆ ಐದಾರು ಸುತ್ತು ಆದ ಮೇಲೆ ಅದು ಗಾಳಿಯಲ್ಲಿ ನಿಂತಿತ್ತು. ಒಂದು ಬೆರಳಲ್ಲಿ ತಳ್ಳಿದರೆ ಸರಿಯುತ್ತಿತ್ತು. ನೀನು ನೋಡಬೇಕಿತ್ತು ಪುಟ್ಟಾ.

ಇನ್ನು ಬೋಲ್ಟ್. ಇದನ್ನು ಗಮನವಿಟ್ಟು ಓದು. ಹಿಂಜಿನ ತೂತು ಮತ್ತು ಬಾನೆಟ್ಟಿನ ತೂತು ಎದುರು ಬದುರು ಬಂದವಾ ಅಂತ ಮೊದಲು ದಬ್ಬಳ ತೂರಿಸಿ ನೋಡಿದೆ. ಮೂಟೆ ಹೊಲಿಯುವ ದಬ್ಬಳವೇ. ಅದು ಆಚೆ ಹೋದರೆ ಅದೇ ತೂತಿಗೆ ಸ್ಕ್ರೂಡ್ರೈವರ್ ಹಾಕಿ ಸ್ವಲ್ಪ ಮೀಟಿದರೆ ಪಕ್ಕದ ತೂತು ತಾನಾಗಿ ಎದುರಿಗೆ ಬರುತ್ತೆ. ಅಲ್ಲಿಗೆ ಬೋಲ್ಟ್. ಬರಿ ಬೆರಳಲ್ಲಿ ಎರಡು ಮೂರು ಸುತ್ತು ಸಲೀಸಾಗಿ ಹೋಗಬೇಕು. ಹೋಗಲಿಲ್ಲವಾ, ಸ್ಪ್ಯಾನರ್ ಮುಟ್ಟಬೇಡ. ಹೊರಗೆ ತೆಗೆದು ಮತ್ತೆ ಇಡು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಕೆಲವು ವರ್ಷದ ಹಿಂದೆ ಒಂದು ಗ್ಯಾರೇಜಿನಲ್ಲಿ ಬಲಗಡೆಯ ಹಿಂಜಿಗೆ ತಪ್ಪು ಬೋಲ್ಟ್ ಹೊಡೆದು ಕಳಿಸಿದ್ದರು. ನಮ್ಮ ಹಿಂಜಿನ ಬೋಲ್ಟು ಇಂಚಿನ ಲೆಕ್ಕದ್ದು, 5/16. ಅಂದರೆ 7.94 ಮಿಲಿಮೀಟರ್. ಅವರು ಹಾಕಿದ್ದು 8 ಮಿಲಿಮೀಟರಿನದು. ಕಣ್ಣಿಗೆ ಎರಡೂ ಒಂದೇ. ಆದರೆ ಬೋಲ್ಟಿನ ಮೈಮೇಲೆ ಸುತ್ತಿಕೊಂಡಿರುವ ಗೀರು ಇರುತ್ತಲ್ಲ, ಥ್ರೆಡ್ಡು, ಅದು ನಮ್ಮದಕ್ಕೆ ಒಂದು ಇಂಚಿಗೆ 24, ಮಾಮೂಲಿ 8 ಮಿಲಿಮೀಟರ್ ಬೋಲ್ಟಿಗೆ ಸುಮಾರು 20. ಜೋರು ಮಾಡಿದರೆ ಒಳಗೆ ಹೋಗುತ್ತೆ, ಹೋಗುತ್ತಾ ನಟ್ಟಿನ ಥ್ರೆಡ್ಡನ್ನೆಲ್ಲ ಕೆರೆದು ಹಾಕುತ್ತೆ. ಈ ಸಲ ಬಾನೆಟ್ ಬಿಚ್ಚಿದಾಗ ಅದು ಗೊತ್ತಾಗಿ ನನಗೆ ನಿಜವಾಗಿಯೂ ಸಂಕಟವಾಯಿತು. ಥ್ರೆಡ್ ಕೊರೆಯುವ ಟ್ಯಾಪ್ ಅನ್ನೋ ಸಾಧನ ಹಾಕಿ ಥ್ರೆಡ್ ಬಿಡಿಸಿಕೊಳ್ಳುವುದಕ್ಕೆ ಒಂದು ಇಡೀ ಬೆಳಗ್ಗೆ ಹಿಡಿಯಿತು.

ಇವತ್ತು ಅದೇ ನಟ್ಟಿಗೆ ಹೊಸ ಬೋಲ್ಟ್ ಇಟ್ಟು ತಿರುಗಿಸಿದೆ. ಮೊದಲ ಸುತ್ತು ಬಿಗಿ ಅನ್ನಿಸಿತು. ಕೈ ತಡೆದೆ. ಒಂಚೂರು ಹಿಂದಕ್ಕೆ ತಿರುಗಿಸಿದಾಗ ಬೆರಳಿಗೆ ಟಕ್ ಅಂತ ಒಂದು ಸಣ್ಣ ಇಳಿತ ಸಿಕ್ಕಿತು. ಥ್ರೆಡ್ಡಿನ ಬಾಯಿ ಸಿಕ್ಕ ಗುರುತು ಅದು. ಅಲ್ಲಿಂದ ಮುಂದಕ್ಕೆ ತಿರುಗಿಸಿದರೆ ಸರಸರ ಹೋಯಿತು.

ಎರಡೂ ಕಡೆ ಬೋಲ್ಟ್ ಹಾಕಿ, ಅರೆ ಬಿಗಿಯಲ್ಲಿ ಬಿಟ್ಟೆ. ವಾಷರ್ ಕೆಳಗೆ ಬಾನೆಟ್ ಇನ್ನೂ ಸರಿಯುವಷ್ಟು. ಹಿಂಜಿನ ತೂತು ಉದ್ದಕ್ಕಿರುವುದೇ ಇದಕ್ಕೆ. ಬಿಚ್ಚುವ ಮೊದಲು ಹಿಂಜಿನ ಸುತ್ತ ಗೀಟು ಹಾಕಿದ್ದೆ, ಆದರೆ ಪೇಂಟಿಗೆ ಉಜ್ಜುವಾಗ ಬಾನೆಟ್ಟಿನ ಮೇಲಿನ ಗೀಟು ಹೋಗಿತ್ತು. ಹೊಸದಾಗಿಯೇ ಕೂರಿಸಬೇಕಾಯಿತು. ಲಾಕಿನ ಪಿನ್ ಬಿಚ್ಚಿಟ್ಟು ಆಮೇಲೆ ಬಾನೆಟ್ ಇಳಿಸಿದೆ. ಇಲ್ಲದಿದ್ದರೆ ವಾರೆಯಾಗಿ ಕೂತು ಲಾಕ್ ಬಿದ್ದರೆ ತೆರೆಯುವುದೇ ಕಷ್ಟ. ಸಂದು ಎಷ್ಟಿದೆ ಅಂತ ಬೆಂಕಿಕಡ್ಡಿ ಇಟ್ಟು ನೋಡಿದೆ. ಎಡಗಡೆ ಉದ್ದಕ್ಕೂ ಎರಡು ಕಡ್ಡಿ. ಬಲಗಡೆ ಗಾಜಿನ ಹತ್ತಿರ ಎರಡು, ದೀಪದ ಹತ್ತಿರ ಒಂದು. ಎತ್ತಿದೆ, ಒಂದು ನೂಲು ಸರಿಸಿದೆ, ಇಳಿಸಿದೆ. ಹೀಗೆ ಎಷ್ಟು ಸಲ ಆಯಿತೋ ಲೆಕ್ಕ ಇಡಲಿಲ್ಲ.

ಬಲಗಡೆ ಕೊನೆಗೂ ಪೂರ್ತಿ ಸಮ ಬರಲಿಲ್ಲ. ಅದು ಬಾನೆಟ್ಟಿನ ತಪ್ಪಲ್ಲ. ಅಜ್ಜಯ್ಯ ಒಮ್ಮೆ ತೋಟದ ಗೇಟಿಗೆ ತಾಗಿಸಿದ್ದ ಮಡ್‌ಗಾರ್ಡ್ ಅದು, ಅಲ್ಲಿ ಚೂರು ಒಳಕ್ಕಿದೆ. ಸರಿಯಿರುವ ಬಾನೆಟ್ಟನ್ನು ಅದಕ್ಕೆ ಹೊಂದಿಸಲೆಂದು ವಾರೆ ಮಾಡಲು ನನಗೆ ಮನಸ್ಸಾಗಲಿಲ್ಲ. ಮಡ್‌ಗಾರ್ಡ್ ಮುಟ್ಟಲೂ ಮನಸ್ಸಾಗಲಿಲ್ಲ. ಹಾಗೇ ಇರಲಿ.

ಬೋಲ್ಟ್ ಬಿಗಿ ಮಾಡಿ, ಪಿನ್ ಹಾಕಿ, ಬಾನೆಟ್ ಮುಚ್ಚಿ ಎರಡೂ ಅಂಗೈಯಲ್ಲಿ ಒತ್ತಿದೆ. ಟಪ್ ಅಂತ ಕೂತಿತು. ಮಳೆ ಬಂದಿದ್ದು ಅದಾಗಿ ಸ್ವಲ್ಪ ಹೊತ್ತಿಗೆ. ಸೋರಿದ ನೀರು ಹೊಸ ಬಣ್ಣದ ಮೇಲೆ ಬಿದ್ದು ಮಣಿ ಮಣಿಯಾಗಿ ಇಳಿದು ಹೋಗುತ್ತಿತ್ತು. ಕಣದಿಂದ ಬಂದವರೆಲ್ಲ ಶೆಡ್ಡಿನಲ್ಲಿ ನಿಂತುಕೊಂಡು ಕಾಫಿ ಕುಡಿದೆವು. ಸೊಂಟಕ್ಕೆ ಏನೂ ಆಗಿಲ್ಲ. ಬೆರಳ ತುದಿ ಸ್ವಲ್ಪ ಉರಿಯುತ್ತೆ, ಅಷ್ಟೇ.

ಮುಂದಿನ ವಾರ ಬರುವಾಗ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎರಡು ವಸ್ತು ತೆಗೆದುಕೊಂಡು ಬಾ. ಬಾನೆಟ್ ಮುಂದೆ ಕೂರುವ ರಬ್ಬರ್ ಬಫರ್ ಒಂದು ಜೊತೆ, ಹಳೆಯದು ಕಲ್ಲಾಗಿದೆ. ಮತ್ತೆ ಅರ್ಧ ಇಂಚಿನ ರಿಂಗ್ ಸ್ಪ್ಯಾನರ್ ಒಂದು. 13 ನಂಬರಿನದು ನಡೆಯುತ್ತೆ ಅಂತ ಅಂಗಡಿಯವರು ಹೇಳಬಹುದು, ತರಬೇಡ. ಅದು ಸಡಿಲ, ಬೋಲ್ಟಿನ ತಲೆ ತಿನ್ನುತ್ತೆ.

ಡಿಕ್ಕಿಯ ಬಾಗಿಲನ್ನೂ ತುಕ್ಕು ತಿಂದಿದೆ, ಅದನ್ನು ಇನ್ನೂ ಬಿಚ್ಚಿಲ್ಲ. ಹಗ್ಗ ತೊಲೆಯಲ್ಲೇ ಬಿಟ್ಟಿದ್ದೇನೆ. ನೀನು ಬಂದ ಮೇಲೆ ಗಂಟು ನೀನೇ ಹಾಕು, ನಾನು ಪಕ್ಕದಲ್ಲಿ ಕೂತಿರುತ್ತೇನೆ.

ನಿನ್ನ ಅಮ್ಮ