ನಂಬದೆ ಪ್ರಶ್ನೆ ಕೇಳಿದವರಿಗೆ ಮೊದಲ ನಮಸ್ಕಾರ

ನಮ್ಮ ಎರಡು ಪುಟಾಣಿ ರೋಬೋಟ್‌ಗಳು ಒಂದನ್ನೊಂದು ಗಮನಿಸಿ ನಡೆದುಕೊಳ್ಳುತ್ತವೆ ಎಂದು ಈಗ ಧೈರ್ಯವಾಗಿ ಹೇಳಬಹುದು. ಆ ಧೈರ್ಯ ಕೊಟ್ಟವರ ಋಣ ದೊಡ್ಡದು.

‘ಜೊತೆಯವನ ಹಿಂದೆ ಹೋಗು’ ಎಂಬ ಆಜ್ಞೆ ಇವುಗಳ ಪ್ರೋಗ್ರಾಮಿನಲ್ಲಿ ಎಲ್ಲೂ ಇಲ್ಲ. ಒಳಗಿರುವುದು ಸಂಶೋಧಕರಾದ ರಾಲ್ಫ್ ಡೆರ್ ಮತ್ತು ಗಿಯೋರ್ಗ್ ಮಾರ್ಟಿಯಸ್ ಬೆಳೆಸಿದ ಹೋಮಿಯೋಕೈನೆಸಿಸ್ ಎಂಬ ಕಲಿಕೆಯ ವಿಧಾನ. ಪ್ರತಿ ರೋಬೋಟ್ ಮುಂದಿನ ಕ್ಷಣ ತನ್ನ ಸೆನ್ಸರ್ ಏನು ತೋರಿಸೀತು ಎಂದು ಊಹಿಸುತ್ತದೆ, ತಪ್ಪಿದಷ್ಟು ತಿದ್ದಿಕೊಳ್ಳುತ್ತದೆ. ಬರೀ ತಪ್ಪು ಕಡಿಮೆ ಮಾಡು ಎಂದರೆ ಸುಮ್ಮನೆ ಕೂತುಬಿಡುತ್ತದೆ, ಕೂತರೆ ಊಹೆ ತಪ್ಪುವುದೇ ಇಲ್ಲ. ಅದಕ್ಕೇ ತಪ್ಪನ್ನು ಕಾಲದಲ್ಲಿ ಒಂದು ಹೆಜ್ಜೆ ಹಿಂದಕ್ಕೆ ಒಯ್ದು, ಅಲ್ಲಿ ಅಳೆದು ತಿದ್ದಬೇಕು. ಆಗ ಸುಮ್ಮನಿರುವುದೇ ಅದಕ್ಕೆ ಕಷ್ಟವಾಗುತ್ತದೆ. ಸೆನ್ಸರಿನಿಂದ ಮೋಟರಿಗೆ, ಮೋಟರಿನಿಂದ ಮತ್ತೆ ಸೆನ್ಸರಿಗೆ ಸುತ್ತುವ ಗೇನ್, ಅಂದರೆ ಒಂದು ಸುತ್ತಿಗೆ ಸಂಕೇತ ಎಷ್ಟು ಪಟ್ಟಾಗುತ್ತದೆ ಎಂಬುದು, 1ಕ್ಕಿಂತ ತುಸು ಮೇಲೆ ನಿಲ್ಲಬೇಕು. ಇಳಿದರೆ ಚಲನೆ ಸಾಯುತ್ತದೆ, ಬಹಳ ಏರಿದರೆ ಒಂದೇ ದಿಕ್ಕಿಗೆ ಅಂಟಿಕೊಳ್ಳುತ್ತದೆ. ಈ ಲೆಕ್ಕದಲ್ಲಿ ಮ್ಯಾಟ್ರಿಕ್ಸ್ (ಅಂಕಿಗಳ ಚೌಕ) ಒಂದರ ವಿಲೋಮ ತೆಗೆಯಬೇಕಾಗುತ್ತದೆ. ಅದರ ಡಿಟರ್ಮಿನೆಂಟ್ ಸೊನ್ನೆಯ ಹತ್ತಿರ ಬಂದಾಗ ಸಂಖ್ಯೆಗಳು ಸಿಡಿಯುತ್ತವೆ. ಕರ್ಣದ ಅಂಕಿಗಳಿಗೆ 0.01 ಸೇರಿಸಿ ಎಂದು ಹೇಳಿಕೊಟ್ಟ ಗಣಿತದ ಮೇಷ್ಟ್ರಿಗೆ ಶರಣು.

ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಯವರು ಎನ್20 ಎಂಬ ಪುಟ್ಟ ಗೇರ್ ಮೋಟರುಗಳನ್ನು ಕೌಂಟರಿನ ಮೇಲೇ 6 ವೋಲ್ಟಿಗೆ ಓಡಿಸಿ, ವೇಗ ಹೊಂದುವ ಜೋಡಿ ಆರಿಸಿಕೊಟ್ಟರು. ಒಂದೇ ಲೇಬಲ್ಲಿನ ಎರಡು ಮೋಟರಿಗೂ ವೇಗ ಬೇರೆಯಿರುತ್ತದೆ. ಎಡಬಲ ಹೊಂದದಿದ್ದರೆ ಗಾಡಿ ವೃತ್ತ ಹೊಡೆಯುತ್ತದೆ, ನೋಡುವವರಿಗೆ ಗೆಳೆಯನ ಸುತ್ತ ಪ್ರದಕ್ಷಿಣೆ ಹಾಕಿದಂತೆ ಕಾಣುತ್ತದೆ.

ಇದಕ್ಕಿಂತ ಮೋಸದ್ದು ‘ಕಾಯುವ’ ವರ್ತನೆ. ಡಿಕ್ಕಿಯಾದಾಗ ಚಕ್ರ ಸಿಕ್ಕಿಕೊಂಡು ಮೋಟರ್ ವಿಪರೀತ ಕರೆಂಟ್ ಎಳೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ, ರೋಬೋಟಿನ ಮಿದುಳಾದ ಇಎಸ್‌ಪಿ32 ಬೋರ್ಡ್ ರೀಸ್ಟಾರ್ಟ್ ಆಗುತ್ತದೆ. ಆ ಅರೆಗಳಿಗೆಯ ನಿಲುಗಡೆ ‘ನೀನು ಮೊದಲು ಹೋಗು’ ಎಂಬ ಮರ್ಯಾದೆಯ ಹಾಗಿರುತ್ತದೆ! ಮೋಟರ್ ಡ್ರೈವರಿನ ಪಕ್ಕ 470 ಮೈಕ್ರೋಫ್ಯಾರಡ್, ಪ್ರತಿ ಮೋಟರಿನ ಕಾಲುಗಳ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ ಎಂದ ರಿಪೇರಿ ಅಂಗಡಿಯ ಅಣ್ಣನಿಗೆ ಕೈಮುಗಿದಿದ್ದೇವೆ.

ರೋಬೋಟ್‌ಗಳು ಓಡಾಡುವ ಕಣಕ್ಕೆ ಕಪ್ಪು ಪರದೆ ಹೊಲಿದ ಟೈಲರ್ ಅಮ್ಮನಿಗೂ ಅಷ್ಟೇ. ನಮ್ಮ ಸೆನ್ಸರ್ ತನ್ನ ಎಲ್‌ಇಡಿಯ ಇನ್‌ಫ್ರಾರೆಡ್ ಬೆಳಕು ಮರಳಿ ಬಂದದ್ದನ್ನು ಅಳೆಯುತ್ತದೆ. ಕಣ್ಣಿಗೆ ಕಡುಕಪ್ಪಾದ ಬಟ್ಟೆ 940 ನ್ಯಾನೋಮೀಟರ್ ಇನ್‌ಫ್ರಾರೆಡ್ ಬೆಳಕಿಗೆ ಬಿಳಿ ಗೋಡೆಯಂತೆ ಹೊಳೆಯಬಹುದು. ಸೆನ್ಸರ್ ಹಿಡಿದು ಪೀಸ್ ಪೀಸಾಗಿ ಪರೀಕ್ಷಿಸಲು ಬಿಟ್ಟು, ಹೊಳೆಯದ ಬಟ್ಟೆಯಲ್ಲೇ ಹೊಲಿದರು. ಎಲ್‌ಇಡಿ ಆರಿಸಿ ಒಮ್ಮೆ, ಹೊತ್ತಿಸಿ ಒಮ್ಮೆ ಓದಿ ಕಳೆದರೆ ಹೊರಗಿನ ಬೆಳಕು ಹೋಗುತ್ತದೆ ನಿಜ. ಆದರೆ ಬೆಂಗಳೂರಿನ ಮಾರ್ಚ್ ಬಿಸಿಲು ನೇರ ಬಿದ್ದರೆ ಸೆನ್ಸರ್ ತುಂಬಿಹೋಗಿ ಎರಡೂ ಸಲ ಒಂದೇ ಅಂಕಿ ಬರುತ್ತದೆ.

ಇನ್ನು ಶೀರ್ಷಿಕೆಯ ಮಾತು. ‘ಇದು ಸಂಬಂಧವೋ, ಕಾಕತಾಳೀಯವೋ?’ ಎಂದು ಕೇಳಿದವರು ಮರುಓಟದ ಪರೀಕ್ಷೆ ಕಲಿಸಿದರು. ಒಂದು ರೋಬೋಟನ್ನು ಎಂದಿನಂತೆ ಬಿಡಿ. ಇನ್ನೊಂದು ತನ್ನ ಹಿಂದಿನ ಓಟದ ಮೋಟರ್ ಆಜ್ಞೆಗಳನ್ನೇ ಒಪ್ಪಿಸಲಿ. ಮೈ ಅದೇ, ಬೆಳಕು ಅದೇ, ಚಲನೆ ಅದೇ, ಉತ್ತರ ಮಾತ್ರ ಇಲ್ಲ. ಆಗಲೂ ಮೊದಲನೆಯದು ಹಾಗೇ ಆಡಿದರೆ ಪರಸ್ಪರತೆ ಸುಳ್ಳು. ಪ್ರತಿ ಓಟ 20 ನಿಮಿಷ. ಕಲಿತ ತೂಕಗಳನ್ನು (ಕಲಿಕೆಯಲ್ಲಿ ಬದಲಾಗುವ ಒಳಗಿನ ಅಂಕಿಗಳನ್ನು) ಪ್ರತಿಸಲ ಒಂದೇ ಉಳಿಸಿಟ್ಟ ಸ್ಥಿತಿಗೆ ತರಬೇಕು, ಯಾವ ಬಗೆಯ ಓಟ ಮೊದಲು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು. ಚಕ್ರ ಜಾರಿ ಮರುಓಟದ ದಾರಿ ತಪ್ಪುವುದರಿಂದ ಮೇಲಿನ ಕ್ಯಾಮೆರಾದಲ್ಲಿ ತಾಳೆ ನೋಡಲೇಬೇಕು. ಉತ್ತರಿಸುವ ಜೊತೆಯೊಂದಿಗೆ ಹತ್ತಿರ ಬರುವ, ಹಿಂದೆ ಸರಿಯುವ ಸರದಿಯಾಟ ಉಳಿಯಿತು, ಮರುಓಟದಲ್ಲಿ ಕದಡಿತು. ಗೋಡೆ ಯಾವಾಗಲೂ ಒಂದೇ ಉತ್ತರ ಕೊಡುತ್ತದೆ, ಬೇಗ ಕಲಿತು ಮುಗಿಯುತ್ತದೆ. ಜೊತೆಯವನ ಉತ್ತರ ನನ್ನ ನಡೆಯಿಂದಲೇ ಬದಲಾಗುತ್ತದೆ, ಅವನೂ ಕಲಿಯುತ್ತಿರುತ್ತಾನೆ.

ಹಿರಿಯರ ನೆನಪೂ ಇಲ್ಲಿಯೇ. 1940ರ ದಶಕದ ಕೊನೆಗೆ ಬ್ರಿಸ್ಟಲ್‌ನಲ್ಲಿ ನರವಿಜ್ಞಾನಿ ಗ್ರೇ ವಾಲ್ಟರ್ ಮಾಡಿದ ‘ಆಮೆ’ ರೋಬೋಟ್‌ಗಳ ನೆತ್ತಿಯ ಪುಟ್ಟ ದೀಪ ಇದ್ದದ್ದು ತಿರುಗುವ ಮೋಟರ್ ಓಡುತ್ತಿದೆಯೇ ಎಂದು ತಿಳಿಯಲು. ಅದೇ ದೀಪ ಎರಡು ಆಮೆಗಳನ್ನು ಪರಸ್ಪರ ಸೆಳೆಯಿತು. ನಮ್ಮೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗ್‌ಕರ್ ಮತ್ತು ಎನ್. ವಿ. ಜೋಶಿ 1983ರಲ್ಲಿ ಕಣಜಗಳು ಯಾವ ಕೆಲಸಕ್ಕೆ ಎಷ್ಟು ಹೊತ್ತು ಕಳೆಯುತ್ತವೆಂದು ಲೆಕ್ಕ ಹಾಕಿ, ಆ ಲೆಕ್ಕದಿಂದಲೇ ಕೂರುವವು, ಜಗಳವಾಡುವವು, ಆಹಾರ ತರುವವು ಎಂದು ವಿಂಗಡಿಸಿದರು. ಮೊದಲು ಎಣಿಕೆ, ಆಮೇಲೆ ಹೆಸರು. ನಾವು ಹಿಡಿದದ್ದು ಇದೇ ದಾರಿ.

ಯಾವ ವಿಡಿಯೋ ಯಾವ ಓಟದ್ದೆಂದು ತಿಳಿಯದೆ, ಭಾನುವಾರಗಳೆಲ್ಲ ಕೂತು ಗೀಟು ಹಾಕಿ ಎಣಿಸಿಕೊಟ್ಟ ಪಿಯುಸಿ ಮಕ್ಕಳೇ, ನಿಮ್ಮ ಹಾಳೆಗಳನ್ನು ಜೋಪಾನವಾಗಿ ಇಟ್ಟಿದ್ದೇವೆ. ಮೂರನೆಯ ರೋಬೋಟ್ ಕಣಕ್ಕಿಳಿಯುವಾಗ ಮತ್ತೆ ಕರೆಯುತ್ತೇವೆ, ಬನ್ನಿ.