ಅಪ್ಪಯ್ಯನನ್ನು ಉಳಿಸಿಕೊಟ್ಟವರಿಗೆ

ಅಪ್ಪಯ್ಯ ಈ ವಾರದಿಂದ ಮತ್ತೆ ತೋಟಕ್ಕೆ ಇಳಿಯುತ್ತಿದ್ದಾರೆ. ಬೇಗ ಸುಸ್ತಾಗುತ್ತಾರೆ, ನಿಜ. ಆದರೂ ಕೆಲಸದವರ ಮೇಲೆ ರೇಗುವಷ್ಟು ತ್ರಾಣ ಬಂದಿದೆ. ಇಷ್ಟು ದಿನ ಫೋನ್ ಮಾಡಿ, ಮನೆಗೆ ಬಂದು ವಿಚಾರಿಸಿದ ಎಲ್ಲರಿಗೂ ಹೇಳಬೇಕಾದ್ದು ತುಂಬಾ ಇದೆ.

ಬಂದಿದ್ದು ಮಂಗನ ಕಾಯಿಲೆ. 1957ರಲ್ಲಿ ನಮ್ಮದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ವೈರಸ್. ಕಾಡಿನ ಉಣುಗು, ಅಂದರೆ ಉಣ್ಣೆ ಹುಳ, ಕಚ್ಚಿ ಬರುತ್ತದೆ. ಆ ವೈರಸ್ಸಿಗೇ ಅಂತ ಔಷಧ ಇಲ್ಲ. ನೂರು ಜನಕ್ಕೆ ಬಂದರೆ ಮೂರರಿಂದ ಐದು ಜನ ತೀರಿಕೊಳ್ಳುತ್ತಾರೆ ಎನ್ನುವುದು ಸಾಮಾನ್ಯ ಲೆಕ್ಕ. 2019ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿನ ಕಡೆ ಇದೇ ಕಾಯಿಲೆ ಹಬ್ಬಿ ಸಾವುಗಳಾಗಿದ್ದನ್ನು ಸಾಗರದವರು ಯಾರೂ ಮರೆತಿಲ್ಲ. ಹಾಗಂತ ಬೇಸಿಗೆಯಲ್ಲಿ ಸೊಪ್ಪಿನ ಬೆಟ್ಟಕ್ಕೆ ಹೋಗದೆ ಇರೋಕಾಗುತ್ತಾ? ದರಗೆಲೆ (ಉದುರಿದ ಒಣ ಎಲೆ) ಇಲ್ಲದೆ ಕೊಟ್ಟಿಗೆಯೂ ಇಲ್ಲ, ಗೊಬ್ಬರವೂ ಇಲ್ಲ.

ಮೊದಲ ನಮಸ್ಕಾರ ನಮ್ಮೂರಿನ ಆಶಾ ಕಾರ್ಯಕರ್ತೆಗೆ, ನಮಗೆಲ್ಲ ಆಶಾ ಅಕ್ಕ. ಚಳಿಗಾಲದಲ್ಲೇ ಅವರು ಮನೆಮನೆ ತಿರುಗಿ ಒಂದು ಪಟ್ಟಿ ಮಾಡಿಕೊಂಡಿದ್ದರು. ಅರವತ್ತು ದಾಟಿದವರು, ಸಕ್ಕರೆ ಕಾಯಿಲೆ, ಬಿಪಿ ಇರುವವರು, ಹೃದಯ, ಕಿಡ್ನಿ ತೊಂದರೆ ಇರುವವರು, ಬಸುರಿಯರು. "ಇವರಿಗೆ ಜ್ವರ ಬಂದ್ರೆ ಸಂಜೆವರೆಗೂ ಕಾಯಬೇಡಿ, ನಂಗೆ ಹೇಳಿ" ಅಂದಿದ್ದರು. ಅಪ್ಪಯ್ಯನಿಗೆ 68. ಸಕ್ಕರೆಯೂ ಇದೆ, ಬಿಪಿಯೂ ಇದೆ. ಜ್ವರ ಒಮ್ಮೆಲೇ ಏರಿತು, ತಲೆನೋವು, ಕಣ್ಣು ಕೆಂಪು, ಮೈಯೆಲ್ಲ ಒನಕೆಯಲ್ಲಿ ಜಜ್ಜಿದ ಹಾಗೆ ನೋವು. ಅಕ್ಕ ಅವತ್ತೇ ಗಾಡಿ ಹತ್ತಿಸಿದರು. ರಕ್ತ ಶಿವಮೊಗ್ಗದ ಲ್ಯಾಬ್‌ಗೆ ಹೋಯಿತು, ರಿಪೋರ್ಟ್ ಪಾಸಿಟಿವ್ ಬಂತು.

ಆಸ್ಪತ್ರೆಯ ಡಾಕ್ಟ್ರು ಮೊದಲು ಕೇಳಿದ್ದು ಮಾತ್ರೆಗಳನ್ನು. ಅಪ್ಪಯ್ಯ ದಿನಾ ನುಂಗುವುದನ್ನೆಲ್ಲ ಮೇಜಿನ ಮೇಲೆ ಸುರಿಸಿ ಒಂದೊಂದನ್ನೇ ತಿರುಗಿಸಿ ನೋಡಿದರು. ಈ ಕಾಯಿಲೆಯಲ್ಲಿ ಬಿಪಿ ಇಳಿದುಬಿಡುತ್ತದಂತೆ. ಅದರ ಮೇಲೆ ಬಿಪಿ ಇಳಿಸುವ ಮಾತ್ರೆ ಬಿದ್ದರೆ? ಅದನ್ನು ನಿಲ್ಲಿಸಿದರು. ಊಟ ಸೇರದೆ ವಾಂತಿ ಆಗುತ್ತಿದ್ದರಿಂದ ಸಕ್ಕರೆಗೆ ಮಾತ್ರೆ ಬಿಡಿಸಿ ಇನ್ಸುಲಿನ್‌ಗೆ ಹಾಕಿದರು. ಮಂಡಿನೋವಿಗೆ ಅಂತ ಇಟ್ಟುಕೊಂಡಿದ್ದ ನೋವಿನ ಮಾತ್ರೆಯನ್ನು ಡಬ್ಬಿ ಸಮೇತ ಎತ್ತಿಟ್ಟರು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್ಲೆಟ್ ಇಳಿದಿರುವಾಗ ಅಂಥವು ರಕ್ತಸ್ರಾವ ಜಾಸ್ತಿ ಮಾಡಬಹುದು.

ಸಿಸ್ಟರ್‌ ಒಬ್ಬರನ್ನು ನೆನೆಯಲೇಬೇಕು. ವಸಡಿನಲ್ಲಿ ರಕ್ತ ಬರುತ್ತಿದೆಯಾ ಅಂತ ನೋಡುವುದು ಇದರಲ್ಲಿ ಮುಖ್ಯ. ಆದರೆ ನಲವತ್ತು ವರ್ಷ ಕವಳ ಹಾಕಿದ ಬಾಯಲ್ಲಿ ಯಾವುದು ರಕ್ತ, ಯಾವುದು ಎಲೆ ಅಡಿಕೆ? ಹುಷಾರಿಲ್ಲದಿದ್ದರೂ ದಿಂಬಿನ ಕೆಳಗೆ ಎರಡು ಎಲೆ ಇಟ್ಟುಕೊಂಡಿದ್ದರು ಮಹಾರಾಯರು. ಸಿಸ್ಟರ್ ಅದನ್ನು ಕಸಿದು, ಬಾಯಿ ಮುಕ್ಕಳಿಸಲು ಹೇಳಿ, ಬಿಳಿ ಹತ್ತಿಯಲ್ಲಿ ವಸಡು ಒತ್ತಿ ನೋಡುತ್ತಿದ್ದರು. ಒಂದು ಬೆಳಿಗ್ಗೆ ಹತ್ತಿ ಕೆಂಪಾಯಿತು. ಅವರು ನೋಡದೆ ಇದ್ದಿದ್ದರೆ ಕವಳದ್ದೇ ಬಣ್ಣ ಅಂತ ನಾವು ಸುಮ್ಮನಿರುತ್ತಿದ್ದೆವು.

ಪಕ್ಕದ ಬೆಡ್‌ನಲ್ಲಿ ಒಬ್ಬ ಹುಡುಗ ಇದ್ದ. ಸಕ್ಕರೆ ಇಲ್ಲ, ಬಿಪಿ ಇಲ್ಲ, ಗಟ್ಟಿಮುಟ್ಟು ಆಳು. ಮನೆಯಲ್ಲೇ ಜ್ವರದ ಮಾತ್ರೆ ನುಂಗಿಕೊಂಡು ತಡವಾಗಿ ಬಂದಿದ್ದ. ಅಪ್ಪಯ್ಯನಿಗಿಂತ ಅವನೇ ಜಾಸ್ತಿ ನರಳಿದ. ಚಿಕ್ಕ ವಯಸ್ಸು ಅನ್ನುವ ಧೈರ್ಯ ಇಲ್ಲಿ ನಡೆಯುವುದಿಲ್ಲ. ಅವನೂ ಈಗ ಮನೆಗೆ ಹೋಗಿದ್ದಾನೆ.

ಜ್ವರ ಬಿಟ್ಟಿತು ಅಂತ ನಾವು ಖುಷಿಪಟ್ಟಾಗ ಡಾಕ್ಟ್ರು ಮಾತ್ರ ನಗಲಿಲ್ಲ. ಕೆಲವರಿಗೆ ಒಂದೆರಡು ವಾರ ಬಿಟ್ಟು ಜ್ವರ ಮರಳುತ್ತದೆ. ಆಗ ಕೈ ನಡುಕ, ವಿಪರೀತ ತಲೆನೋವು, ಮಾತು ತಪ್ಪುವುದು, ಹೀಗೆ ಮಿದುಳಿನ ತೊಂದರೆ ಕಾಣಿಸಬಹುದು. ಅದಕ್ಕೇ ಮನೆಗೆ ಬಂದ ಮೇಲೂ ಆಶಾ ಅಕ್ಕ ದಿನಾ ಬಂದು ಅಪ್ಪಯ್ಯನ ಹತ್ತಿರ ಅಡಿಕೆ ರೇಟು ಕೇಳುತ್ತಿದ್ದರು. ರೇಟು ಸರಿಯಾಗಿ ಹೇಳಿ, ಜೊತೆಗೆ ವ್ಯಾಪಾರಿಗಳನ್ನು ಬೈದರೆ ತಲೆ ಸರಿಯಿದೆ ಅಂತ ಲೆಕ್ಕ!

ಕೇರಿಯವರಿಗೆ ಏನು ಹೇಳಲಿ? ಇದು ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ ಅಂತ ತಿಳಿದು ಯಾರೂ ದೂರ ನಿಲ್ಲಲಿಲ್ಲ. ಗಂಜಿ ತಂದರು, ಹಾಲು ಕರೆದರು, ಉಳಿದಿದ್ದ ಅಡಿಕೆ ಒಣಗಿಸಿ ಚೀಲ ಕಟ್ಟಿಟ್ಟರು.

ಮಳೆ ಹಿಡಿಯುವ ಮೊದಲು ಒಂದು ದಿನ ಎಲ್ಲರೂ ನಮ್ಮಲ್ಲಿ ಊಟಕ್ಕೆ ಬರಬೇಕು. ಸಿಸ್ಟರ್‌ಗೂ ಡಾಕ್ಟ್ರಿಗೂ ಹೇಳಿದ್ದೇನೆ. ಹೋಳಿಗೆ ಮಾಡಿಸುತ್ತಿದ್ದೇವೆ. ಅಪ್ಪಯ್ಯನ ಎಲೆಗೆ ಮಾತ್ರ ಯಾರೂ ಬಡಿಸಬೇಡಿ.