ಲೋಗೊಗೆ ವೋಟು ಹಾಕುವ ಮುಂಚೆ ಅಕ್ಷರ ನೋಡಿ

ಮಾನ್ಯ ಸಂಪಾದಕರೇ,

ಕನ್ನಡ ಪುಸ್ತಕ ಓದುವವರ ಆನ್‌ಲೈನ್ ಬಳಗವೊಂದರಲ್ಲಿ ನಾನಿದ್ದೇನೆ. ಈಗ ಅಲ್ಲಿ ಹೊಸ ಲೋಗೊ ಆರಿಸುವ ಗಡಿಬಿಡಿ. ಗೆಳತಿಯರ ಬಳಗಗಳಲ್ಲೂ ಇದೇ ನಡೆಯುತ್ತಿದೆ ಅಂತ ಗೊತ್ತಾದ ಮೇಲೆ ನಾಲ್ಕು ಜನರ ಮುಂದೆ ಹೇಳಲೇಬೇಕು ಅನಿಸಿತು. ವೋಟು ಕೊನೆಯ ಕೆಲಸ. ಅದಕ್ಕೆ ಮುಂಚೆ ಅಕ್ಷರ ಸರಿ ಇದೆಯಾ, ಫೋನಿನಲ್ಲಿ ಚಿಕ್ಕದಾಗಿ ಕಾಣುತ್ತದಾ, ಬೇರೆ ಯಾರದ್ದನ್ನಾದರೂ ಹೋಲುತ್ತದಾ ಅಂತ ಕೂತು ನೋಡಬೇಕು. ಆ ಕೆಲಸಕ್ಕೆ ಯಾರೂ ಟೈಮ್ ಕೊಡುತ್ತಿಲ್ಲ.

ನಮ್ಮಲ್ಲಿ ಬಂದ ಒಂದು ಚಿತ್ರದ ವಿಷಯ ಹೇಳುತ್ತೇನೆ. ತೆರೆದಿಟ್ಟ ಪುಸ್ತಕ, ಮೇಲೊಂದು ದೀಪ, ಸುತ್ತಲೂ ಹಳದಿ ಕೆಂಪು. ಮೊದಲ ನೋಟಕ್ಕೆ ಚೆಂದವೇ. ಬೆರಳಿಟ್ಟು ಹಿಗ್ಗಿಸಿ ನೋಡಿದರೆ ಪುಟದ ಮೇಲಿರುವುದು ಕನ್ನಡವೇ ಅಲ್ಲ. ತಲೆಕಟ್ಟಿನಂಥದ್ದು ಇದೆ, ಕೆಳಗೆ ಒತ್ತಿನ ಹಾಗೆ ಒಂದು ಕೊಕ್ಕೆ ಇದೆ, ಓದಲು ಮಾತ್ರ ಒಂದಕ್ಷರವೂ ಇಲ್ಲ. ಎಐ ಮಾಡಿಕೊಟ್ಟ ಚಿತ್ರ ಅದು, ಮತ್ತು ಎಲ್ಲಕ್ಕಿಂತ ಜಾಸ್ತಿ ಲೈಕ್ ಬಂದಿರುವುದೂ ಅದಕ್ಕೇ. ಕನ್ನಡ ಓದುವವರ ಬಳಗದ ಗುರುತಿನಲ್ಲೇ ಕನ್ನಡ ಇಲ್ಲ ಅಂದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಎಐ ಬರುವ ಎಷ್ಟೋ ವರ್ಷ ಮುಂಚೆಯೂ ಇಂಥದ್ದು ಆಗಿದೆ. ವಿಕಿಪೀಡಿಯದ ಲೋಗೊ ಆಗಿರುವ ಗೋಳ ಎಲ್ಲರಿಗೂ ಗೊತ್ತು. ಬೇರೆಬೇರೆ ಲಿಪಿಗಳ ಅಕ್ಷರ ಹೊತ್ತ ತುಂಡುಗಳನ್ನು ಜೋಡಿಸಿದ ಹಾಗಿದೆ, ಕೆಲಸ ಇನ್ನೂ ಮುಗಿದಿಲ್ಲ ಅನ್ನುವುದಕ್ಕೆ ಮೇಲ್ಗಡೆ ಕೆಲವು ತುಂಡು ಖಾಲಿ ಬಿಟ್ಟಿದ್ದಾರೆ. 2003ರಲ್ಲಿ ಸ್ಪರ್ಧೆ ನಡೆಸಿ, ಬೇರೆಬೇರೆ ಭಾಷೆಗಳ ಸದಸ್ಯರಿಂದ ವೋಟು ಹಾಕಿಸಿ ಆರಿಸಿದ್ದು. ಆದರೂ ಅದರಲ್ಲಿದ್ದ ದೇವನಾಗರಿ ‘ವಿ’ಯಲ್ಲಿ ಇಕಾರದ ಗುರುತು ತಪ್ಪು ಜಾಗದಲ್ಲಿ ಕೂತಿತ್ತು. ಜಪಾನಿ ಅಕ್ಷರವೂ ತಪ್ಪಾಗಿತ್ತು. 2007ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಇದನ್ನೇ ಸುದ್ದಿ ಮಾಡಿತು. ಸರಿ ಹೋಗಿದ್ದು 2010ರಲ್ಲಿ, ಗೋಳವನ್ನೇ ಹೊಸದಾಗಿ ಬರೆದಾಗ. ಯಾರು ಬೇಕಾದರೂ ಯಾವಾಗ ಬೇಕಾದರೂ ತಪ್ಪು ತಿದ್ದಬಹುದಾದ ಜಾಗದಲ್ಲಿ ಲೋಗೊದ ತಪ್ಪು ತಿದ್ದಲು ಏಳು ವರ್ಷ ಹಿಡಿಯಿತು! ಲೋಗೊ ಅಂದರೆ ಹಾಗೇ, ಒಂದು ಸಲ ಎಲ್ಲ ಕಡೆ ಹರಡಿದ ಮೇಲೆ ಹಿಂದಕ್ಕೆ ತರುವುದು ಬಹಳ ಕಷ್ಟ. ಆ ಗೋಳದ ಮೇಲೆ ಈಗ ಕನ್ನಡದ ‘ವಿ’ ಕೂಡ ಇದೆ, ಸರಿಯಾಗಿಯೇ ಇದೆ.

ಕನ್ನಡಕ್ಕೆ ಈ ಅಪಾಯ ಇನ್ನೂ ಜಾಸ್ತಿ. ಚಿತ್ರ ಮಾಡುವ ಕೆಲವು ಸಾಫ್ಟ್‌ವೇರ್‌ಗಳಲ್ಲಿ, ಅದರಲ್ಲೂ ಹಳೇ ಆವೃತ್ತಿಗಳಲ್ಲಿ, ಯೂನಿಕೋಡ್ ಕನ್ನಡ, ಅಂದರೆ ಫೋನಿನಲ್ಲಿ ನಾವು ಟೈಪ್ ಮಾಡುವಂಥದ್ದು, ಅಂಟಿಸಿದರೆ ಒತ್ತಕ್ಷರ ಬಿಡಿಬಿಡಿಯಾಗಿ ಅರ್ಧಾಕ್ಷರ ಒಂದು ಕಡೆ, ಪೂರ್ತಿ ಅಕ್ಷರ ಇನ್ನೊಂದು ಕಡೆ ನಿಲ್ಲುತ್ತದೆ. ಡಿಟಿಪಿ ಮಾಡುವವರಿಗೆ ಇದು ದಿನನಿತ್ಯದ ತಲೆನೋವು. ಮದುವೆ ಕಾರ್ಡು, ಬ್ಯಾನರುಗಳಲ್ಲಿ ನಾವೆಲ್ಲ ನೋಡಿ ನೋಡಿ ಸುಮ್ಮನಾಗಿದ್ದೇವೆ. ಬ್ಯಾನರ್ ಮಾರನೇ ದಿನ ಇಳಿಯುತ್ತದೆ, ಲೋಗೊ ಇಳಿಯುವುದಿಲ್ಲ.

ಇನ್ನು ಅಳತೆಯ ಮಾತು. ಎಲ್ಲರೂ ಲೋಗೊವನ್ನು ಪರದೆ ತುಂಬಾ ಇಟ್ಟುಕೊಂಡು ನೋಡಿ ಮೆಚ್ಚುತ್ತಾರೆ. ಆದರೆ ಅದು ದಿನಾ ಕಣ್ಣಿಗೆ ಬೀಳುವುದು ವಾಟ್ಸಾಪ್ ಪಟ್ಟಿಯ ಪುಟ್ಟ ವೃತ್ತದಲ್ಲಿ, ಅಲ್ವಾ? ಆ ವೃತ್ತದಲ್ಲಿ ನಾಲ್ಕೂ ಮೂಲೆ ಕತ್ತರಿಸಿ ಹೋಗುತ್ತವೆ. ಇಂಗ್ಲಿಷಿನ ದೊಡ್ಡಕ್ಷರಗಳೆಲ್ಲ ಒಂದೇ ಎತ್ತರ, ಹೇಗೋ ಉಳಿದುಕೊಳ್ಳುತ್ತವೆ. ನಮ್ಮಲ್ಲಿ ಗುಡಿಸು ಮೇಲಕ್ಕೆ ಹೋಗುತ್ತದೆ, ಒತ್ತು ಕೆಳಗೆ ಇಳಿಯುತ್ತದೆ, ಕೊಂಬು ಪಕ್ಕಕ್ಕೆ ಚಾಚುತ್ತದೆ. ಬಳಗದ ಪೂರ್ತಿ ಹೆಸರನ್ನು ತುರುಕಿದರೆ ಚಿಕ್ಕ ಅಳತೆಯಲ್ಲಿ ಉಳಿಯುವುದು ಬರೀ ಕಪ್ಪು ಚುಕ್ಕೆ. ಒಂದೇ ಅಕ್ಷರ ಸಾಕು, ಚೆನ್ನಾಗಿ ಬರೆದಿದ್ದರೆ. ಮೀಡಿಯಾವಿಕಿ ಅಂತ ಒಂದು ತಂತ್ರಾಂಶ ಇದೆ, ವಿಕಿಪೀಡಿಯ ನಡೆಯುವುದೇ ಅದರ ಮೇಲೆ. ಅದರ ಸೂರ್ಯಕಾಂತಿ ಲೋಗೊ ಮೊದಲು ಫೋಟೊದಿಂದ ಮಾಡಿದ್ದು, ಚಿಕ್ಕದು ಮಾಡಿದರೆ ಎಸಳುಗಳೆಲ್ಲ ಕಲಸಿಹೋಗುತ್ತಿದ್ದವು. ಮತ್ತೆ ವೋಟು ಹಾಕಿ, 2021ರಲ್ಲಿ ಸರಳ ಗೆರೆಗಳ ಹೂವಿಗೆ ಬದಲಾಯಿಸಿದರು. ಹೂವು ಹಾಗೇ ಉಳಿಯಿತು, ಬರೆದ ರೀತಿ ಬದಲಾಯಿತು. ಹಳೆಯ ಸದಸ್ಯರಿಗೂ ಬೇಜಾರಾಗದ ಇಂಥ ದಾರಿ ನನಗೆ ತುಂಬಾ ಇಷ್ಟ.

ನಮ್ಮವರ ಇನ್ನೊಂದು ಅಭ್ಯಾಸವನ್ನೂ ಹೇಳಿಬಿಡುತ್ತೇನೆ. ಕನ್ನಡದ ಬಳಗ ಅಂದ ತಕ್ಷಣ ಹಳದಿ ಕೆಂಪು ಬಣ್ಣ, ಕರ್ನಾಟಕದ ನಕ್ಷೆ. ಆ ಬಣ್ಣಗಳ ಮೇಲೆ ನನಗೂ ಅಭಿಮಾನವಿದೆ. ಆದರೆ ಫೋನಿನಲ್ಲಿರುವ ಬಳಗಗಳೆಲ್ಲ ಒಂದೇ ಥರ ಕಂಡರೆ ಯಾವುದು ಯಾವುದು ಅಂತ ಗೊತ್ತಾಗುವುದು ಹೇಗೆ? ನಕ್ಷೆ ಹಾಕಿದರಂತೂ ಕಾಸರಗೋಡು, ಹೊಸೂರು, ಸೊಲ್ಲಾಪುರದ ಕನ್ನಡಿಗರು ಗೆರೆಯಾಚೆ ಉಳಿಯುತ್ತಾರೆ. ಅವರೂ ನಮ್ಮ ಬಳಗದಲ್ಲಿ ಇದ್ದಾರಲ್ಲ! ಕೆಲವರು ಗಂಡಭೇರುಂಡ ಬೇಕು ಅನ್ನುತ್ತಿದ್ದಾರೆ. ರಾಜ್ಯ ಸರ್ಕಾರದ ಲಾಂಛನದಲ್ಲಿ ಇರುವುದು ಅದೇ, ಸರ್ಕಾರಿ ಲಾಂಛನಗಳ ಬಳಕೆಗೆ 1950ರ ಕಾಯ್ದೆಯ ಕಟ್ಟುಪಾಡು ಇದೆ. ಲಾಂಛನವನ್ನು ಹೋಲುವ ಹಾಗೆ ಬರೆದು ಸುಮ್ನೆ ತೊಂದರೆ ಮೈಮೇಲೆ ಎಳೆದುಕೊಳ್ಳುವುದು ಯಾಕೆ?

ಹೋಲಿಕೆಯಿಂದ ಏನಾಗುತ್ತದೆ ಅನ್ನುವುದಕ್ಕೆ ವಿಕಿವಾಯೇಜ್ ಉದಾಹರಣೆ ಇದೆ. ಪ್ರವಾಸದ ಮಾಹಿತಿಯ ತಾಣ ಅದು. ಸದಸ್ಯರು ಆರಿಸಿದ ಲೋಗೊ ತನ್ನ ಲೋಗೊದ ಹಾಗಿದೆ ಅಂತ ವಿಶ್ವ ವ್ಯಾಪಾರ ಸಂಸ್ಥೆ ಆಕ್ಷೇಪ ಎತ್ತಿತು. 2013ರಲ್ಲೇ ಎಲ್ಲ ಮೊದಲಿಂದ ಶುರು ಮಾಡಿ ಬೇರೆ ಲೋಗೊ ಆರಿಸಬೇಕಾಯಿತು. ಚಿತ್ರವನ್ನು ಗೂಗಲ್‌ನ ಚಿತ್ರ ಹುಡುಕಾಟಕ್ಕೆ ಕೊಟ್ಟು ನೋಡಿದರೆ ಎದ್ದು ಕಾಣುವ ಹೋಲಿಕೆಗಳಾದರೂ ಸಿಗುತ್ತವೆ, ಹತ್ತು ನಿಮಿಷದ ಕೆಲಸ. ಫಾಂಟಿನ ಪರವಾನಗಿಯನ್ನೂ ನೋಡಿಕೊಳ್ಳಬೇಕು. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ ಇಂಥವು ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ, ಯಾರನ್ನೂ ಕೇಳಬೇಕಿಲ್ಲ.

ಇಷ್ಟೆಲ್ಲ ಆದ ಮೇಲೆ ವೋಟು. ಲೈಕ್ ಎಣಿಸುವುದನ್ನು ನಾನು ವೋಟು ಅನ್ನುವುದಿಲ್ಲ. ಸ್ನೇಹಿತರು ಜಾಸ್ತಿ ಇರುವವರ ಚಿತ್ರಕ್ಕೆ ಲೈಕ್ ಜಾಸ್ತಿ, ಮೊದಲು ಹಾಕಿದ ಚಿತ್ರಕ್ಕೆ ಇನ್ನೂ ಜಾಸ್ತಿ. ಬಿಡಿಸಿದವರ ಹೆಸರು ಮುಚ್ಚಿಟ್ಟು, ಎಲ್ಲ ಚಿತ್ರಗಳನ್ನೂ ಒಂದೇ ದಿನ ಒಟ್ಟಿಗೆ ಹಾಕಲಿ, ಎರಡು ಸುತ್ತು ಮಾಡಲಿ, ಈಗಿರುವುದೇ ಇರಲಿ ಅನ್ನುವವರಿಗೂ ಒಂದು ಆಯ್ಕೆ ಕೊಡಲಿ. ಸದಸ್ಯರಿಗೆ ಒಪ್ಪಿಗೆ ಇಲ್ಲದ ಲೋಗೊ ಗೆದ್ದರೂ ಉಳಿಯುವುದಿಲ್ಲ. ವಿಕಿಪೀಡಿಯದ ಸೋದರ ತಾಣವಾದ ವಿಕ್ಷನರಿ ಅನ್ನುವ ನಿಘಂಟಿಗೆ 2006ರಲ್ಲಿ ಹೊಸ ಲೋಗೊ ಆರಿಸಿದರು, ಎಷ್ಟೋ ಭಾಷೆಗಳವರು ಅದನ್ನು ಹಾಕಿಕೊಳ್ಳಲೇ ಇಲ್ಲ.

ನಮ್ಮ ಬಳಗದ ನಿರ್ವಾಹಕರು ಈ ಪತ್ರಿಕೆ ಓದುತ್ತಾರೆ ಅಂತ ನನಗೆ ಗೊತ್ತು. ದಯವಿಟ್ಟು ವೋಟಿನ ದಿನವನ್ನು ಎರಡು ವಾರ ಮುಂದೆ ಹಾಕಿ. ಅಷ್ಟರಲ್ಲಿ ಅಕ್ಷರ ಬರೆಯುವ ಕಲಾವಿದರೊಬ್ಬರಿಗೆ ಎಲ್ಲ ಚಿತ್ರ ತೋರಿಸೋಣ. ಸಂಪಾದಕರೇ, ಶೀರ್ಷಿಕೆಗಳನ್ನು ಕೈಯಲ್ಲೇ ಬರೆಯಬಲ್ಲ ಕಲಾವಿದರು ಪತ್ರಿಕೆಗಳಲ್ಲಿ ಇರುತ್ತಾರೆ. ನಿಮ್ಮಲ್ಲಿರುವವರಿಂದ ಕನ್ನಡ ಅಕ್ಷರ ವಿನ್ಯಾಸದ ಬಗ್ಗೆ ಭಾನುವಾರದ ಪುರವಣಿಯಲ್ಲಿ ಒಂದು ಲೇಖನ ಬರೆಸಿದರೆ ಇಂಥ ಎಷ್ಟೋ ಬಳಗಗಳಿಗೆ ಉಪಕಾರವಾಗುತ್ತದೆ.

ಇಂತಿ,
ಓದುಗರ ಬಳಗವೊಂದರ ಸದಸ್ಯೆ,
ಶಿವಮೊಗ್ಗ